ಪೊರೆಗೆ ಸಮಯ ಕೊಡಿ: ಹೈಡ್ರೋಜನ್ ಸಂಶೋಧನೆಗೆ ಹಣ ಮಂಜೂರು ಮಾಡುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಮೊನ್ನೆ ಒಂದು ಸೆಲ್ ಬಿಚ್ಚಿದೆವು. 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂವರೆ ತಿಂಗಳು ಓಡಿದ, ಹೈಡ್ರೋಜನ್‌ನಿಂದ ವಿದ್ಯುತ್ ತೆಗೆಯುವ ಫ್ಯೂಯಲ್ ಸೆಲ್ ಅದು. ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಗ್ರಾಫೈಟ್ ತಟ್ಟೆಗಳನ್ನು ಮೆಲ್ಲಗೆ ಬೇರೆ ಮಾಡಿದಾಗ ಒಳಗಿನ ಪೊರೆಯ ಮೇಲೆ ಸಾಲು ಸಾಲು ಗೆರೆ ಮೂಡಿತ್ತು. ಗ್ಯಾಸ್ ಹರಿಯಲು ತಟ್ಟೆಯಲ್ಲಿ ಕಾಲುವೆ ಕೊರೆದಿರುತ್ತಾರಲ್ಲ, ಆ ಕಾಲುವೆಗಳ ನಡುವಿನ ದಿಣ್ಣೆಗಳು ಪೊರೆಯನ್ನು ಒತ್ತಿ ಒತ್ತಿ ಅಚ್ಚು ಬಿಟ್ಟಿದ್ದವು. ದಿಣ್ಣೆ ಕೂತ ಕಡೆಯೆಲ್ಲ ಪೊರೆ ತೆಳ್ಳಗಾಗಿತ್ತು. ಗ್ಯಾಸ್ ಹೊರಗೆ ಹೋಗುವ ಕೊಳವೆಯ ತುದಿಗೆ ನಾವು ಒಂದು ಗಾಜಿನ ಬಾಟಲಿ ಕಟ್ಟಿರುತ್ತೇವೆ. ಅಲ್ಲಿ ತಣ್ಣಗಾಗಿ ನಿಂತ ನೀರಿಗೆ ಲಿಟ್ಮಸ್ ಕಾಗದ ಅದ್ದಿದೆ. ನೀಲಿ ಕಾಗದ ಕೆಂಪಾಯಿತು. ಕೊಳವೆಯ ಸ್ಟೀಲ್ ಜೋಡಣೆಯ ಸುತ್ತ ಸಣ್ಣಗೆ ಹಸಿರು ಕಲೆ.

ಆ ಕೆಂಪು, ಆ ಹಸಿರು ಎರಡೂ ಒಂದೇ ಮಾತು ಹೇಳುತ್ತಿದ್ದವು. ಪೊರೆಯೊಳಗೆ ಇರಬೇಕಾದ ಆಮ್ಲ ಹೊರಗೆ ಬರುತ್ತಿದೆ.

ಹೈಡ್ರೋಜನ್ ಯೋಜನೆಗಳಿಗೆ ಹಣ ಹಂಚುವ ಸಮಿತಿಗಳಲ್ಲಿ ಕೂರುವ ನಿಮ್ಮೆಲ್ಲರಿಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಹೆಚ್ಚು ಬಿಸಿಯಲ್ಲಿ ಕೆಲಸ ಮಾಡುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಪೊರೆಗಳ ಮೇಲೆ ಕೆಲಸ ಮಾಡುವವಳು. ನನ್ನ ಕೋರಿಕೆ ಒಂದೇ. ಈ ಪೊರೆಗಳಿಗೆ ನೀವು ಈಗ ಕೊಡುತ್ತಿರುವುದು ಹಣ. ಅದರ ಜೊತೆಗೆ ಸಮಯವನ್ನೂ ಕೊಡಿ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಫ್ಯೂಯಲ್ ಸೆಲ್‌ನ ಒಂದು ಬದಿಗೆ ಹೈಡ್ರೋಜನ್ ಬಿಡುತ್ತೇವೆ, ಇನ್ನೊಂದು ಬದಿಗೆ ಗಾಳಿ. ಹೈಡ್ರೋಜನ್ ಪ್ಲಾಟಿನಂ ಮೇಲೆ ಕೂತು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಒಡೆಯುತ್ತದೆ. ನಡುವೆ ಇರುವ ಪೊರೆ ಪ್ರೋಟಾನನ್ನು ಮಾತ್ರ ದಾಟಿಸುತ್ತದೆ. ಎಲೆಕ್ಟ್ರಾನ್‌ಗೆ ಅಲ್ಲಿ ದಾರಿ ಇಲ್ಲ, ಅದು ಹೊರಗಿನ ತಂತಿ ಹಿಡಿದು ಸುತ್ತಿ ಬರಬೇಕು. ಹಾಗೆ ಸುತ್ತಿ ಬರುವುದೇ ನಮಗೆ ಸಿಗುವ ವಿದ್ಯುತ್. ಆಚೆ ಬದಿಯಲ್ಲಿ ಪ್ರೋಟಾನ್, ಎಲೆಕ್ಟ್ರಾನ್, ಆಮ್ಲಜನಕ ಮೂರೂ ಸೇರಿ ನೀರಾಗುತ್ತವೆ. ಪೊರೆ ಸರಿಯಿದ್ದರೆ ಸೆಲ್ ಸರಿ. ಪೊರೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಎರಡು ಗ್ಯಾಸ್ ಬೆರೆತು ಅಲ್ಲೇ ಸುಡಲು ಶುರುವಾಗುತ್ತದೆ.

ಈ ಯೋಚನೆ ಹೊಸದೇನಲ್ಲ. ವಿಜ್ಞಾನಿ ವಿಲಿಯಂ ಗ್ರೋವ್ ಇದರ ಬಗ್ಗೆ ಮೊದಲು ಬರೆದದ್ದು 1839ರಲ್ಲಿ. ಆದರೆ ಪಾಲಿಮರ್ ಪೊರೆ ಬರಲು ಮತ್ತೆ ನೂರಕ್ಕೂ ಜಾಸ್ತಿ ವರ್ಷ ಬೇಕಾಯಿತು. 1955ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಥಾಮಸ್ ಗ್ರಬ್ ಪಾಲಿಸ್ಟೈರೀನ್‌ಗೆ ಸಲ್ಫಾನಿಕ್ ಆಮ್ಲ ಕೂಡಿಸಿದ ಪೊರೆಯನ್ನು ಸೆಲ್‌ನಲ್ಲಿ ಇಟ್ಟರು. ಅದರ ಮೇಲೆ ಪ್ಲಾಟಿನಂ ಕೂರಿಸುವ ದಾರಿಯನ್ನು ಅಲ್ಲಿನವರೇ ಆದ ಲಿಯೊನಾರ್ಡ್ ನೀಡ್ರಾಕ್ ಕಂಡುಕೊಂಡರು. 1965ರಲ್ಲಿ ಜೆಮಿನಿ 5 ನೌಕೆಯ ಜೊತೆ ಆ ಸೆಲ್ ಅಂತರಿಕ್ಷಕ್ಕೂ ಹೋಯಿತು. ಆದರೆ ಆ ಪೊರೆ ಬೇಗ ಹಾಳಾಗುತ್ತಿತ್ತು. ಸೆಲ್ ಒಳಗೆ ಹುಟ್ಟುವ ಚುರುಕಾದ ಅಣುತುಂಡುಗಳು ಅದರ ಸರಪಳಿಯನ್ನು ಕಡಿದು ಹಾಕುತ್ತಿದ್ದವು. ಆಮೇಲೆ ಡ್ಯುಪಾಂಟ್‌ನ ವಾಲ್ಟರ್ ಗ್ರಾಟ್ ರೂಪಿಸಿದ ನ್ಯಾಫಿಯಾನ್ ಬಂತು. ಫ್ಲೋರಿನ್ ತುಂಬಿದ ಗಟ್ಟಿ ಬೆನ್ನೆಲುಬು ಅದಕ್ಕೆ. ಇವತ್ತಿಗೂ ಕಾರಿನಲ್ಲಿ ಕೂರುವ ಸೆಲ್‌ಗಳಲ್ಲಿ ಅದರ ಬಳಗದ ಪೊರೆಗಳೇ ಇವೆ.

ನ್ಯಾಫಿಯಾನ್‌ಗೆ ಒಂದು ಹಟ ಇದೆ. ಅದಕ್ಕೆ ನೀರು ಬೇಕೇ ಬೇಕು. ಅದರೊಳಗೆ ಕೆಲವೇ ನ್ಯಾನೊಮೀಟರ್ ಅಗಲದ ನೀರಿನ ಕಾಲುವೆಗಳಿರುತ್ತವೆ, ಪ್ರೋಟಾನ್ ಹೋಗುವುದು ಆ ಕಾಲುವೆಗಳಲ್ಲಿ. ಒಣಗಿದರೆ ದಾರಿ ಮುಚ್ಚಿತು. ಹಾಗಾಗಿ ಸೆಲ್ಲನ್ನು 60ರಿಂದ 80 ಡಿಗ್ರಿಯಲ್ಲಿ, ತೇವ ಆರದಂತೆ ನೋಡಿಕೊಂಡು ಓಡಿಸಬೇಕು. ತೇವ ಜಾಸ್ತಿಯಾದರೂ ಕಷ್ಟ, ನೀರು ನಿಂತು ಗ್ಯಾಸ್ ಬರುವ ರಂಧ್ರಗಳು ಕಟ್ಟುತ್ತವೆ. ಕಡಿಮೆಯಾದರೆ ಪೊರೆ ಬಿರಿಯುತ್ತದೆ. ಇದರ ಸಲುವಾಗಿಯೇ ತೇವ ಕೊಡುವ ಯಂತ್ರ, ಪಂಪು, ಸೆನ್ಸರ್ ಅಂತ ಒಂದು ಸಂಸಾರವೇ ಸೆಲ್ ಸುತ್ತ ಬೆಳೆಯುತ್ತದೆ.

ಇದನ್ನೆಲ್ಲ ಬಿಟ್ಟು 160 ಡಿಗ್ರಿಗೆ ಹೋದರೆ ಏನು ಸಿಗುತ್ತದೆ? ಮೊದಲನೆಯದು ಕಾರ್ಬನ್ ಮಾನಾಕ್ಸೈಡ್‌ನಿಂದ ಬಿಡುಗಡೆ. ನೈಸರ್ಗಿಕ ಅನಿಲದಿಂದಲೋ ಮೆಥನಾಲ್‌ನಿಂದಲೋ ಹೈಡ್ರೋಜನ್ ತೆಗೆದರೆ ಅದರಲ್ಲಿ ಈ ಗ್ಯಾಸ್ ಸ್ವಲ್ಪ ಉಳಿದೇ ಇರುತ್ತದೆ. 80 ಡಿಗ್ರಿಯಲ್ಲಿ ಇದು ಪ್ಲಾಟಿನಂಗೆ ಅಂಟಿಕೊಂಡು ಕೂತರೆ ಏಳುವುದಿಲ್ಲ. ಹತ್ತು ಲಕ್ಷದಲ್ಲಿ 10 ಪಾಲು ಇದ್ದರೂ ಸಾಕು, ಸೆಲ್ ಸುಸ್ತಾಗುತ್ತದೆ. ಅದಕ್ಕೇ ವಾಹನಗಳ ಹೈಡ್ರೋಜನ್‌ಗೆ ಇರುವ ಐಎಸ್ಒ 14687 ಮಾನದಂಡ ಹತ್ತು ಲಕ್ಷದಲ್ಲಿ 0.2 ಪಾಲಿಗಿಂತ ಜಾಸ್ತಿ ಇರಕೂಡದು ಅನ್ನುತ್ತದೆ. ಅಂದರೆ 50 ಲಕ್ಷ ಅಣುಗಳಲ್ಲಿ ಒಂದು! ಅಷ್ಟು ಶುದ್ಧ ಮಾಡುವುದಕ್ಕೆ ಎಷ್ಟು ಶಕ್ತಿ, ಎಷ್ಟು ಯಂತ್ರ ಬೇಕು ಯೋಚಿಸಿ. 160 ಡಿಗ್ರಿಯಲ್ಲಿ ಅದೇ ಗ್ಯಾಸ್ ಪ್ಲಾಟಿನಂ ಬಿಟ್ಟು ಏಳುತ್ತದೆ. ನೂರಕ್ಕೆ ಒಂದು ಪಾಲು ಇದ್ದರೂ ಸೆಲ್ ಓಡುತ್ತದೆ. ಒಂದೇ ಪ್ಲಾಟಿನಂ, ಒಂದೇ ವಿಷ. ಬಿಸಿ ಏರಿದ್ದಕ್ಕೆ ತಡೆದುಕೊಳ್ಳುವ ಶಕ್ತಿ ಸಾವಿರ ಪಟ್ಟು ಏರಿತು.

ಇನ್ನೊಂದು ಲಾಭ ಬಿಸಿಯನ್ನು ಹೊರಹಾಕುವುದರಲ್ಲಿ. ಹೊರಗೆ 35 ಡಿಗ್ರಿ ಇದೆ ಅಂದುಕೊಳ್ಳಿ. 80 ಡಿಗ್ರಿಯ ಸೆಲ್‌ಗೆ ಸಿಗುವ ಅಂತರ 45 ಡಿಗ್ರಿ. 160 ಡಿಗ್ರಿಯ ಸೆಲ್‌ಗೆ 125. ಅಷ್ಟೇ ಬಿಸಿ ಆಚೆ ಹಾಕಲು ತುಂಬಾ ಚಿಕ್ಕ ರೇಡಿಯೇಟರ್ ಸಾಕು. ಭಾರ ಹೊತ್ತು ಏರು ಹತ್ತುವ ದೊಡ್ಡ ವಾಹನಕ್ಕೆ ಇದು ಸಣ್ಣ ವಿಷಯ ಅಲ್ವೇ ಅಲ್ಲ. ನೀರಂತೂ ಆವಿಯಾಗಿಯೇ ಹೊರಗೆ ಹೋಗುತ್ತದೆ, ಕಟ್ಟಿಕೊಳ್ಳುವ ಚಿಂತೆ ಇಲ್ಲ. ಮೆಥನಾಲ್ ಮತ್ತು ನೀರನ್ನು ಬೆರೆಸಿ 250ರಿಂದ 300 ಡಿಗ್ರಿಯಲ್ಲಿ ತಾಮ್ರ ಇರುವ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಮೇಲೆ ಹಾಯಿಸಿದರೆ ಒಂದು ಮೆಥನಾಲ್ ಅಣುವಿಗೆ ಮೂರು ಹೈಡ್ರೋಜನ್ ಅಣು ಸಿಗುತ್ತವೆ. ಆ ಮಿಶ್ರಣವನ್ನು ಆವಿ ಮಾಡುವ ಬಿಸಿಯನ್ನು ಸೆಲ್ಲೇ ಕೊಡಬಲ್ಲದು. ಹೈಡ್ರೋಜನ್ ಸಿಲಿಂಡರ್ ಹೊರುವ ಬದಲು ದ್ರವ ಇಂಧನ ಹೊತ್ತರೆ ಆಯಿತು. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಬರುತ್ತದೆ ಅನ್ನುವುದನ್ನು ಮರೆಯಬಾರದು. ಮೆಥನಾಲ್ ಎಲ್ಲಿಂದ ಬಂತು ಅನ್ನುವುದರ ಮೇಲೆ ಅದು ಹಸಿರೋ ಅಲ್ಲವೋ ಅಂತ ತೀರ್ಮಾನ ಆಗುತ್ತದೆ.

ಇಷ್ಟೆಲ್ಲ ಲಾಭ ಇದ್ದರೂ ಇದು ಯಾಕೆ ಇನ್ನೂ ಎಲ್ಲ ಕಡೆ ಬಂದಿಲ್ಲ? ಉತ್ತರ ಪೊರೆಯಲ್ಲೇ ಇದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಓದಿ.

ನಮ್ಮ ಕೆಲಸದ ಪಾಲಿಮರ್‌ನ ಹೆಸರು ಪಾಲಿಬೆಂಜಿಮಿಡಜೋಲ್. ನಾವೆಲ್ಲ ಪಿಬಿಐ ಅನ್ನುತ್ತೇವೆ. 1961ರಲ್ಲಿ ಹರ್ವರ್ಡ್ ವೋಗೆಲ್ ಮತ್ತು ಕಾರ್ಲ್ ಮಾರ್ವೆಲ್ ಇದರ ಈಗಿನ ರೂಪವನ್ನು ತಯಾರಿಸಿದರು. ಬೆಂಕಿ ಆರಿಸುವವರ ಉಡುಪಿನಲ್ಲಿ ಇದರ ನೂಲು ಇರುತ್ತದೆ. 400 ಡಿಗ್ರಿ ದಾಟಿದರೂ ಮೆತ್ತಗಾಗದ ವಸ್ತು. ಒಣ ಹಾಳೆ ನೋಡಲು ಕಂದು ಹಳದಿ, ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಆದರೆ ಒಣ ಪಿಬಿಐ ಪ್ರೋಟಾನ್ ದಾಟಿಸುವುದಿಲ್ಲ. 1995ರಲ್ಲಿ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವೇನ್‌ರೈಟ್, ಸ್ಯಾವಿನೆಲ್, ಲಿಟ್ ಮತ್ತು ಸಂಗಡಿಗರು ಈ ಹಾಳೆಗೆ ಫಾಸ್ಫಾರಿಕ್ ಆಮ್ಲ ಕುಡಿಸಿದರು. ಅಲ್ಲಿಂದ ಇದು ಫ್ಯೂಯಲ್ ಸೆಲ್ ಪೊರೆಯಾಯಿತು.

ಫಾಸ್ಫಾರಿಕ್ ಆಮ್ಲ ಯಾಕೆ? ಅದು ಸುಲಭಕ್ಕೆ ಆವಿಯಾಗುವುದಿಲ್ಲ. ನೀರಿನ ಹಂಗು ಹೆಚ್ಚಿಲ್ಲದೆ ಪ್ರೋಟಾನ್ ದಾಟಿಸುತ್ತದೆ. ಒಂದು ಆಮ್ಲದ ಅಣು ತನ್ನ ಪ್ರೋಟಾನನ್ನು ಪಕ್ಕದ್ದಕ್ಕೆ ಕೊಡುತ್ತದೆ, ಅದು ಇನ್ನೊಂದನ್ನು ಅದರಾಚೆಯದಕ್ಕೆ ಕೊಡುತ್ತದೆ. ಇಟ್ಟಿಗೆ ಇಳಿಸುವವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ನಿಂತವರು ಕದಲುವುದಿಲ್ಲ, ಇಟ್ಟಿಗೆ ಮಾತ್ರ ಹೋಗುತ್ತದೆ. ಹೀಗೆ ಕೈದಾಟುವ ಯೋಚನೆಯನ್ನು ನೀರಿನ ವಿಷಯದಲ್ಲಿ 1806ರಲ್ಲೇ ಗ್ರೋತಸ್ ಅನ್ನುವ ವಿಜ್ಞಾನಿ ಹೇಳಿದ್ದರು. ಇವತ್ತಿಗೂ ಆ ಬಗೆಯ ಸಾಗಾಟಕ್ಕೆ ಅವರದೇ ಹೆಸರು.

ಈಗ ತೊಡಕಿನ ಜಾಗಕ್ಕೆ ಬಂದೆವು. ಪಿಬಿಐ ಸರಪಳಿಯ ಒಂದೊಂದು ಕೊಂಡಿಯಲ್ಲೂ ಆಮ್ಲವನ್ನು ಹಿಡಿದುಕೊಳ್ಳುವ ನೈಟ್ರೋಜನ್ ಎರಡೇ ಇರುತ್ತವೆ. ಅಂದರೆ ಒಂದು ಕೊಂಡಿ ಗಟ್ಟಿಯಾಗಿ ಹಿಡಿಯುವುದು ಎರಡು ಆಮ್ಲದ ಅಣುಗಳನ್ನು. ಆ ಎರಡರಿಂದಲೇ ಸಾಗಾಟ ನಡೆಯುವುದಿಲ್ಲ, ಅವು ಕಟ್ಟಿಹಾಕಿದ ಹಾಗೆ ಕೂತಿರುತ್ತವೆ. ಕೆಲಸ ಮಾಡುವುದು ಅದರ ಮೇಲೆ ತುಂಬಿಸಿದ ಬಿಡಿ ಆಮ್ಲ. ಹಾಳೆಯನ್ನು ಆಮ್ಲದಲ್ಲಿ ನೆನೆಸಿದರೆ ಕೊಂಡಿಗೆ ಐದಾರು ಅಣು ಹಿಡಿಯುತ್ತವೆ. ಇನ್ನೂ ಜಾಸ್ತಿ ನೆನೆಸಿದರೆ ಪ್ರೋಟಾನ್ ಚೆನ್ನಾಗಿ ಓಡುತ್ತದೆ, ಆದರೆ ಹಾಳೆ ಉಬ್ಬಿ ಮೆತ್ತಗಾಗುತ್ತದೆ. ಸೆಲ್‌ನಲ್ಲಿ ದುಡಿಯುವ ಆಮ್ಲ ಯಾವುದೋ, ಬಿಟ್ಟು ಹೋಗುವ ಆಮ್ಲವೂ ಅದೇ. ಈ ಪೊರೆಯ ಇಡೀ ಕಥೆ ಇಷ್ಟೇ. ನಾವು ಇಷ್ಟು ವರ್ಷ ಗುದ್ದಾಡುತ್ತಿರುವುದು ಇದರ ಜೊತೆಗೇ.

ಅಮೆರಿಕದ ರೆನ್ಸೆಲೇರ್ ಸಂಸ್ಥೆಯಲ್ಲಿ ಬ್ರಯನ್ ಬೆನಿಸೆವಿಜ್ ಮತ್ತು ಜೊತೆಯವರು ಈ ಶತಮಾನದ ಮೊದಲ ವರ್ಷಗಳಲ್ಲಿ ಬೇರೆ ದಾರಿ ಹಿಡಿದರು. ಪಾಲಿಫಾಸ್ಫಾರಿಕ್ ಆಮ್ಲದೊಳಗೇ ಪಾಲಿಮರ್ ಬೆಳೆಸಿ, ಆ ಬಿಸಿ ಅಂಟನ್ನು ಹಾಗೇ ಗಾಜಿನ ಮೇಲೆ ಎಳೆದು, ಗಾಳಿಯ ತೇವಕ್ಕೆ ಬಿಟ್ಟರು. ಗಾಳಿಯಲ್ಲಿರುವ ನೀರನ್ನು ಹೀರಿ ಪಾಲಿಫಾಸ್ಫಾರಿಕ್ ಆಮ್ಲ ಫಾಸ್ಫಾರಿಕ್ ಆಮ್ಲವಾಗುತ್ತದೆ. ಅದರಲ್ಲಿ ಪಾಲಿಮರ್ ಕರಗದೆ ಬಲೆಯ ಹಾಗೆ ಗಟ್ಟಿಯಾಗುತ್ತದೆ. ನಾನು ಮೊದಲ ಸಲ ಇದನ್ನು ಮಾಡಿದಾಗ ಗಾಜಿನ ಮುಂದೆ ಸುಮ್ನೆ ಕೂತು ನೋಡಿದ್ದೆ. ಹರಿಯುತ್ತಿದ್ದ ಕಡುಕಂದು ಅಂಟು ಗಂಟೆಗಟ್ಟಲೆ ನಿಧಾನಕ್ಕೆ ಕಟ್ಟಿಕೊಂಡು ಹಾಳೆಯಾಗುತ್ತದೆ. ಅಂಚುಗಳಲ್ಲಿ ಹೆಚ್ಚಾದ ಆಮ್ಲ ಸಣ್ಣ ಹನಿಗಳಾಗಿ ಒಸರುತ್ತದೆ. ಬೆರಳಲ್ಲಿ ಒತ್ತಿದರೆ, ಕೈಗವಸು ಹಾಕಿಕೊಂಡೇ, ಒದ್ದೆ ಚರ್ಮದ ಹಾಗೆ ಬಾಗುತ್ತದೆ. ಆ ಹಾಳೆಯ ತೂಕದಲ್ಲಿ ಬಹುಪಾಲು ದ್ರವವೇ, ಪಾಲಿಮರ್ ಇರುವುದು ಚೂರು. ಪ್ರೋಟಾನ್ ಸಾಗಾಟ ಬಹಳ ಚೆನ್ನ. ಆದರೆ ತಟ್ಟೆಗಳ ನಡುವೆ ಸಿಕ್ಕಿಸಿ ಬಿಗಿದರೆ ದಿನಗಳೆದಂತೆ ಚಪ್ಪಟೆಯಾಗುತ್ತಾ ಹೋಗುತ್ತದೆ. ಮೇಲೆ ಹೇಳಿದ ಗೆರೆಗಳು ಹಾಗೆ ಬಂದವು.

ಆಮ್ಲ ಹೊರಗೆ ಹೋಗುವುದಕ್ಕೆ ಬೇರೆ ಬೇರೆ ಬಾಗಿಲುಗಳಿವೆ. ಬಿಸಿ ತೀರಾ ಏರಿದರೆ ಆಮ್ಲವೂ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ. ಕರೆಂಟ್ ಜಾಸ್ತಿ ಎಳೆದರೆ ಆಮ್ಲ ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಯ ಎಲೆಕ್ಟ್ರೋಡ್ (ಪ್ಲಾಟಿನಂ ಇರುವ ಪದರ) ಕಡೆ ಸರಿಯುತ್ತದೆ, ಅಲ್ಲಿ ರಂಧ್ರಗಳಿಗೆ ನುಗ್ಗಿ ಗ್ಯಾಸ್‌ನ ದಾರಿ ಮುಚ್ಚುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನೀರು. ಸೆಲ್ ಆರಿಸಿದ ಮೇಲೆ 100 ಡಿಗ್ರಿಯ ಕೆಳಗೆ ಇಳಿದಾಗ ಒಳಗಿನ ಆವಿ ನೀರಾಗುತ್ತದೆ. ಫಾಸ್ಫಾರಿಕ್ ಆಮ್ಲಕ್ಕೆ ನೀರು ಅಂದರೆ ಎಲ್ಲಿಲ್ಲದ ಪ್ರೀತಿ. ಅದರಲ್ಲಿ ಕರಗಿ, ಅದರ ಜೊತೆಗೇ ಹೊರಟುಬಿಡುತ್ತದೆ. ಅದಕ್ಕೆ ನಾವು ಸೆಲ್ ಆರಿಸುವ ಮೊದಲು ಒಣ ಗ್ಯಾಸ್ ಹಾಯಿಸಿ ಒಳಗಿನ ಆವಿಯನ್ನು ಓಡಿಸುತ್ತೇವೆ. ಮತ್ತೆ ಹಚ್ಚುವಾಗ 100 ಡಿಗ್ರಿ ದಾಟಿ ಚೆನ್ನಾಗಿ ಬಿಸಿಯಾಗುವವರೆಗೆ ಕರೆಂಟ್ ಎಳೆಯುವುದಿಲ್ಲ. ಲ್ಯಾಬಿನಲ್ಲಿ ಇಷ್ಟು ಜೋಪಾನ ಮಾಡಬಹುದು. ಹೊರಗೆ ಯಾರೋ ಅವಸರದಲ್ಲಿ ಸ್ವಿಚ್ ಆರಿಸಿ ಹೋದರೆ?

ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತೇವೆ. ನಮ್ಮ ಸೆಲ್‌ನಲ್ಲಿ ಅದೇ ಹನಿ ಲೆಕ್ಕ ತಿರುಗಾಮುರುಗಾ ನಡೆಯುತ್ತದೆ. ಒಂದು ಸೆಲ್‌ನ ವೋಲ್ಟೇಜ್ ಗಂಟೆಗೆ 5 ಮೈಕ್ರೋವೋಲ್ಟ್ ಇಳಿಯುತ್ತದೆ ಅಂದುಕೊಳ್ಳಿ. ವೋಲ್ಟಿನ ಹತ್ತು ಲಕ್ಷದ ಐದು ಪಾಲು, ಕಣ್ಣಿಗೆ ಕಾಣದಷ್ಟು. ಒಂದು ವಾರ ಓಡಿಸಿದರೆ ಇಳಿದದ್ದು ಒಂದು ಮಿಲಿವೋಲ್ಟ್ ಕೂಡ ಇಲ್ಲ. ಮೀಟರ್‌ನ ಓಲಾಟದಲ್ಲೇ ಅದು ಮುಚ್ಚಿಹೋಗುತ್ತದೆ. 40,000 ಗಂಟೆ ಓಡಿದರೆ? 200 ಮಿಲಿವೋಲ್ಟ್. 650 ಮಿಲಿವೋಲ್ಟ್‌ನಲ್ಲಿ ಕೆಲಸ ಶುರು ಮಾಡಿದ ಸೆಲ್‌ಗೆ ಸುಮಾರು ಮೂರರಲ್ಲಿ ಒಂದು ಪಾಲು ಹೋಯಿತು.

40,000 ಗಂಟೆ ಅಂದರೆ ಹಗಲು ರಾತ್ರಿ ಬಿಡದೆ ನಾಲ್ಕೂವರೆ ವರ್ಷ. ಬರೀ 5,000 ಗಂಟೆ ಓಡಿಸಬೇಕಾದರೂ ಏಳು ತಿಂಗಳು ಬೇಕು. ನಾನು ಕೆಲಸ ಮಾಡಿದ ಯೋಜನೆಗಳಲ್ಲಿ ಜಾಸ್ತಿ ಪಾಲು ಎರಡು ವರ್ಷದವು. ಮೊದಲ ಆರು ತಿಂಗಳು ಸಾಮಾನು ತರಿಸುವುದರಲ್ಲಿ ಹೋಗುತ್ತದೆ, ಕೊನೆಯ ಕೆಲವು ತಿಂಗಳು ವರದಿ ಬರೆಯುವುದರಲ್ಲಿ. ನಡುವೆ ಉಳಿದ ಒಂದು ವರ್ಷದಲ್ಲಿ ಪೊರೆ ಮಾಡಬೇಕು, ಸೆಲ್ ಕಟ್ಟಬೇಕು, ಹೊಸದೇನಾದರೂ ತೋರಿಸಬೇಕು. ಹೀಗಿರುವಾಗ ನಾವೆಲ್ಲ ಮಾಡುವುದು ಒಂದೇ. ಹೊಸ ಪೊರೆ, ಹೊಸ ಹೆಸರು, ಮೊದಲ ದಿನದ ಅತಿ ಹೆಚ್ಚು ಪವರ್, ನೂರೋ ಇನ್ನೂರೋ ಗಂಟೆಯ ಒಂದು ಗ್ರಾಫ್. ಗ್ರಾಫ್ ಚಪ್ಪಟೆಯಾಗಿದ್ದರೆ ಪೊರೆ ಬಾಳುತ್ತದೆ ಅಂತ ಬರೆದುಬಿಡುತ್ತೇವೆ. ಇದನ್ನು ನಾನೂ ಬರೆದಿದ್ದೇನೆ. ಆರಂಭಶೂರತನಕ್ಕೆ ಬಹುಮಾನ ಇರುವ ಕಡೆ ಬೇರೆ ಏನು ಬೆಳೆಯುತ್ತದೆ ಹೇಳಿ.

ಕೆಲವು ವರ್ಷಗಳ ಹಿಂದೆ ನಾವು ಒಂದು ಅರ್ಜಿ ಹಾಕಿದ್ದೆವು. ಹೊಸ ಪಾಲಿಮರ್ ಏನೂ ಬೇಡ, ಈಗಾಗಲೇ ಗೊತ್ತಿರುವ ಎರಡು ಪೊರೆಗಳನ್ನು ಒಂದೂವರೆ ವರ್ಷ ಓಡಿಸುತ್ತೇವೆ, ಅದರಲ್ಲಿ ಅರ್ಧದಷ್ಟು ಸೆಲ್‌ಗಳನ್ನು ದಿನಕ್ಕೊಮ್ಮೆ ಆರಿಸಿ ಹಚ್ಚುತ್ತೇವೆ, ಆಮ್ಲ ಎಲ್ಲಿ ಎಷ್ಟು ಹೋಯಿತು ಅಂತ ಹನಿ ಹನಿಯ ಲೆಕ್ಕ ಇಡುತ್ತೇವೆ ಅಂತ. ಆ ಸಮಿತಿಯ ಉತ್ತರ ಒಂದೇ ಸಾಲಿನದು. ಇದರಲ್ಲಿ ಹೊಸತನ ಇಲ್ಲ. ಆ ಸಾಲು ಬರೆದವರ ಮೇಲೆ ನನಗೆ ಕೋಪ ಇಲ್ಲ. ಅವರಿಗೆ ಕೊಟ್ಟ ನಮೂನೆಯಲ್ಲಿ ಹೊಸತನಕ್ಕೆ ಅಂಕ ಇತ್ತು, ಬಾಳಿಕೆಗೆ ಅಂಕ ಇರಲಿಲ್ಲ. ಆದರೆ ಆ ಲೆಕ್ಕ ಇವತ್ತಿಗೂ ನಮ್ಮ ಕೈಯಲ್ಲಿ ಇಲ್ಲ ಅನ್ನುವ ನೋವು ಮಾತ್ರ ಹೋಗಿಲ್ಲ.

ಬೇಗ ಪರೀಕ್ಷೆ ಮಾಡುವ ದಾರಿ ಇಲ್ಲವೇ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಬಿಸಿ ಏರಿಸಿ ಓಡಿಸಿದರೆ ಕೆಡುಕು ಬೇಗ ಕಾಣುತ್ತದೆ ಅನ್ನುವುದು ನಿಜ. ಆದರೆ ಯಾವ ಕೆಡುಕು? 190 ಡಿಗ್ರಿಯಲ್ಲಿ ಓಡಿಸಿದರೆ ಆವಿಯಾಗುವ ಆಮ್ಲ ಬೇಗ ಹೋಗುತ್ತದೆ. ನೀರಲ್ಲಿ ಕರಗಿ ಹೋಗುವ ಆಮ್ಲ ಅಲ್ಲಿ ಕಾಣುವುದೇ ಇಲ್ಲ, ಯಾಕೆಂದರೆ ಆ ಬಿಸಿಯಲ್ಲಿ ದ್ರವರೂಪದ ನೀರೇ ಇಲ್ಲ. ಒಂದು ಕೆಡುಕನ್ನು ಓಡಿಸಿ ಹಿಡಿಯಲು ಹೋಗಿ ಇನ್ನೊಂದನ್ನು ಮುಚ್ಚಿಟ್ಟ ಹಾಗಾಯಿತು. ಸಮನಾಗಿ 160 ಡಿಗ್ರಿಯಲ್ಲೇ, ಒಮ್ಮೆಯೂ ಆರಿಸದೆ ಓಡಿಸಿದ ಸೆಲ್ ತುಂಬಾ ಚೆನ್ನಾಗಿ ಕಾಣುವುದೂ ಇದೇ ಕಾರಣಕ್ಕೆ. ದಯವಿಟ್ಟು ಇನ್ನು ಮುಂದೆ ನಿಮ್ಮ ಮುಂದೆ ಅಂಥ ಗ್ರಾಫ್ ಬಂದಾಗ, ಇದನ್ನು ಎಷ್ಟು ಸಲ ಆರಿಸಿ ಹಚ್ಚಿದ್ದೀರಿ ಅಂತ ಕೇಳಿ. ಒಂದು ಪ್ರಶ್ನೆ ಸಾಕು.

ಹೊಸ ಪೊರೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. 2016ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದವರು ತೋರಿಸಿದ ದಾರಿ ನೋಡಿ ನಾವೆಲ್ಲ ಹಿಗ್ಗಿದ್ದೆವು. ಅವರ ಪಾಲಿಮರ್‌ನಲ್ಲಿ ಧನ ಚಾರ್ಜ್ ಇರುವ ಅಮೋನಿಯಂ ಗುಂಪುಗಳಿವೆ. ಅವು ಋಣ ಚಾರ್ಜ್‌ನ ಫಾಸ್ಫೇಟ್ ಜೊತೆ ಜೋಡಿಯಾಗುತ್ತವೆ. ಅವರ ಲೆಕ್ಕದಲ್ಲಿ ಈ ಜೋಡಿಯ ಹಿಡಿತ ಪಿಬಿಐ ಆಮ್ಲವನ್ನು ಹಿಡಿಯುವುದಕ್ಕಿಂತ ಸುಮಾರು ಆರು ಪಟ್ಟು ಗಟ್ಟಿ. ನೀರಾವಿ ಇದ್ದಾಗಲೂ ಆಮ್ಲ ನಿಲ್ಲುತ್ತದೆ, 80ರಿಂದ 160 ಡಿಗ್ರಿಯವರೆಗೆ ಒಂದೇ ಸೆಲ್ ಓಡುತ್ತದೆ. ಆಮ್ಲವನ್ನು ಬಿಡಿಯಾಗಿ ತುಂಬಿಸದೆ ಸರಪಳಿಗೇ ಬೆಸೆಯುವ ಫಾಸ್ಫಾನಿಕ್ ಪಾಲಿಮರ್‌ಗಳ ಮೇಲೂ ಒಳ್ಳೆಯ ಕೆಲಸ ನಡೆದಿದೆ. ಇವೆಲ್ಲ ಬೇಕು. ಆದರೆ ಇವುಗಳಿಗೂ ಅದೇ ಪರೀಕ್ಷೆ ಕಾದಿದೆ. ಅಮೋನಿಯಂ ಗುಂಪು ಅಷ್ಟು ಬಿಸಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು ಗಡಿಯಾರ ಒಂದೇ.

ಹಾಗಾದರೆ ನೀವು ಏನು ಮಾಡಬಹುದು? ಅರ್ಜಿ ಕರೆಯುವಾಗ ಒಂದು ಸಾಲು ಸೇರಿಸಿ. ಅತಿ ಹೆಚ್ಚು ಪವರ್ ಹೇಳುವವರು ಆಮ್ಲದ ಜಮಾಖರ್ಚನ್ನೂ ಹೇಳಬೇಕು. ಮೊದಲ ದಿನ ಪೊರೆಯಲ್ಲಿ ಎಷ್ಟಿತ್ತು, ಕೊನೆಯ ದಿನ ಎಷ್ಟು ಉಳಿಯಿತು, ಹೊರಗಿನ ಬಾಟಲಿಯಲ್ಲಿ ಎಷ್ಟು ಸಿಕ್ಕಿತು, ಎಲೆಕ್ಟ್ರೋಡ್‌ಗೆ ಎಷ್ಟು ಸರಿಯಿತು. ಇದಕ್ಕೆ ದೊಡ್ಡ ಯಂತ್ರ ಬೇಡ. ನಿಂತ ನೀರು ಹಿಡಿಯಲು ಬಾಟಲಿ ಬೇಕು, ತೂಗಲು ಒಳ್ಳೆಯ ತಕ್ಕಡಿ ಬೇಕು, ನೀರಲ್ಲಿ ಆಮ್ಲ ಎಷ್ಟಿದೆ ಅಂತ ಅಳೆಯುವ ಟೈಟ್ರೇಶನ್ ಮಾಡಲು ತಾಳ್ಮೆ ಬೇಕು. ಪೊರೆ ಮೊದಲು ಎಷ್ಟು ದಪ್ಪ ಇತ್ತು, ಈಗ ಎಷ್ಟು ಅನ್ನುವುದನ್ನೂ ಕೇಳಿ. ಪ್ಲಾಟಿನಂ ಎಷ್ಟು ಹಾಕಿದ್ದೀರಿ ಅಂತಲೂ ಕೇಳಿ. ಯಾಕೆಂದರೆ ಫಾಸ್ಫೇಟ್ ಪ್ಲಾಟಿನಂ ಮೇಲೆ ಹೋಗಿ ಕೂರುತ್ತದೆ, ಆಮ್ಲಜನಕದ ಕೆಲಸ ನಿಧಾನ ಮಾಡುತ್ತದೆ. ಅದನ್ನು ಸರಿದೂಗಿಸಲು ನಮ್ಮ ಸೆಲ್‌ಗಳಲ್ಲಿ 80 ಡಿಗ್ರಿಯ ಸೆಲ್‌ಗಳಿಗಿಂತ ಪ್ಲಾಟಿನಂ ಜಾಸ್ತಿ ಹಾಕುತ್ತೇವೆ. ಇದನ್ನು ಮುಚ್ಚಿಟ್ಟು ಲಾಭ ಮಾತ್ರ ಹೇಳುವುದು ಸರಿಯಲ್ಲ.

ಇನ್ನೊಂದು, ಹಲವು ಗುಂಪುಗಳು ಸೇರಿ ಬಳಸುವ ದೀರ್ಘ ಪರೀಕ್ಷೆಯ ಬೆಂಚುಗಳನ್ನು, ಅಂದರೆ ಸೆಲ್ ಓಡಿಸಿ ಅಳೆಯುವ ಜಾಗಗಳನ್ನು, ಕಟ್ಟಿಸಿ. ಒಂದೊಂದು ಲ್ಯಾಬೂ ಒಂದೊಂದು ಬೆಂಚು ಇಟ್ಟುಕೊಂಡು ಅದರಲ್ಲಿ ಹತ್ತು ಜನರ ಸರದಿ ನಡೆಸಿದರೆ ಯಾವ ಸೆಲ್ಲೂ ಏಳು ತಿಂಗಳು ಕೂರಲಾರದು. ಬೆಂಚಿಗೆ ಕಡಿಯದ ವಿದ್ಯುತ್ ಬೇಕು, ಕಡಿಯದ ಗ್ಯಾಸ್ ಬೇಕು, ಹೈಡ್ರೋಜನ್ ಸೋರಿದರೆ ಕೂಗುವ ಸೆನ್ಸರ್ ಬೇಕು. ಮುಖ್ಯವಾಗಿ ನೋಡಿಕೊಳ್ಳುವ ತಂತ್ರಜ್ಞರು ಬೇಕು. ನಡುರಾತ್ರಿ ಕರೆಂಟ್ ಹೋಗಿ ಹೀಟರ್ ಆರಿದರೆ ಸೆಲ್ ತಣ್ಣಗಾಗುತ್ತದೆ, ಒಳಗೆ ನೀರು ಕಟ್ಟುತ್ತದೆ, ಆರು ತಿಂಗಳ ಕೆಲಸಕ್ಕೆ ಒಂದೇ ರಾತ್ರಿಯಲ್ಲಿ ಕಲೆ ಹತ್ತುತ್ತದೆ. ಹಾಗೆ ಆಗದಂತೆ ಕಾಯುವವರ ಕೆಲಸ ಒಂದು ಯೋಜನೆ ಮುಗಿದ ಕೂಡಲೇ ಮುಗಿಯಬಾರದು. ಒಬ್ಬ ಒಳ್ಳೆಯ ತಂತ್ರಜ್ಞ ಬಿಟ್ಟು ಹೋದರೆ ಬೆಂಚಿನ ಅರ್ಧ ಬುದ್ಧಿ ಅವರ ಜೊತೆಗೇ ಹೋಗುತ್ತದೆ. ಇದನ್ನು ನಾನು ಎರಡು ಸಲ ಕಣ್ಣಾರೆ ನೋಡಿದ್ದೇನೆ.

ಸೋತ ಪೊರೆಗಳ ಲೆಕ್ಕಕ್ಕೂ ಒಂದು ಜಾಗ ಮಾಡಿ. ನನ್ನ ಜೊತೆ ಇದ್ದ ಒಬ್ಬ ವಿದ್ಯಾರ್ಥಿನಿ ಮೂರು ವರ್ಷ ಒಂದೇ ಬಗೆಯ ಪೊರೆಯ ಮೇಲೆ ಕೆಲಸ ಮಾಡಿದಳು. ಅಡ್ಡಕೊಂಡಿ ಹಾಕಿ ಸರಪಳಿಗಳನ್ನು ಬಿಗಿಮಾಡಿದರೆ ಪೊರೆ ಚಪ್ಪಟೆಯಾಗುವುದಿಲ್ಲ ಅನ್ನುವುದು ಅವಳ ಯೋಚನೆ. ಚಪ್ಪಟೆಯಾಗಲಿಲ್ಲ, ನಿಜ. ಆದರೆ ಆರಿಸಿ ಹಚ್ಚುವಾಗ ಅಂಚಿನಲ್ಲಿ ಬಿರುಕು ಬಿಡುತ್ತಿತ್ತು, ಪ್ರತಿ ಸಲವೂ ಗ್ಯಾಸ್ ಸೋರದಂತೆ ಇಡುವ ಗ್ಯಾಸ್ಕೆಟ್ ಕೂರುವ ಅದೇ ಜಾಗದಲ್ಲಿ. ಅವಳ ನೋಟ್‌ಬುಕ್ಕಿನಲ್ಲಿ ಒಂದೊಂದು ಬಿರುಕಿನ ಚಿತ್ರವೂ ಇದೆ, ಪಕ್ಕದಲ್ಲಿ ತಾರೀಖು, ಬಿಸಿ, ಬಿಗಿತದ ಲೆಕ್ಕ. ಆ ಕೆಲಸ ಎಲ್ಲೂ ಅಚ್ಚಾಗಲಿಲ್ಲ. ಬೇರೆ ಎಲ್ಲೋ ಕೂತು ಅದೇ ಅಡ್ಡಕೊಂಡಿ ಹಾಕುತ್ತಿರುವವರು ಅದೇ ಬಿರುಕನ್ನು ಮತ್ತೆ ಮೊದಲಿಂದ ಕಂಡುಹಿಡಿಯಬೇಕು. ನೀವು ಕೊಟ್ಟ ಹಣ ಎರಡು ಸಲ ಖರ್ಚಾದ ಹಾಗೆ ಅಲ್ವಾ?

ಈ ಪೊರೆಯನ್ನು ಎಲ್ಲ ಕಡೆ ತುರುಕುವುದೂ ಬೇಡ. ದಿನಕ್ಕೆ ಹತ್ತು ಸಲ ಹಚ್ಚಿ ಆರಿಸುವ ಚಿಕ್ಕ ಕಾರಿಗೆ ಇದು ಹೇಳಿ ಮಾಡಿಸಿದ್ದಲ್ಲ. ಬಿಸಿಯಾಗಲು ಹೊತ್ತು ಬೇಕು, ಪ್ರತಿ ಸಲ ಆರಿಸಿದಾಗಲೂ ಆಮ್ಲಕ್ಕೆ ಅಪಾಯ. ಅಲ್ಲಿ ಬ್ಯಾಟರಿಯೋ 80 ಡಿಗ್ರಿಯ ಸೆಲ್ಲೋ ಚೆನ್ನಾಗಿ ಕೆಲಸ ಮಾಡುತ್ತದೆ, ಮಾಡಲಿ. ದಿನಗಟ್ಟಲೆ ನಿಲ್ಲದೆ ಓಡುವ ಹಡಗು, ದೂರದ ದಾರಿಯ ಭಾರದ ಲಾರಿ, ವಿದ್ಯುತ್ತಿನ ಜೊತೆ ಬಿಸಿನೀರೂ ಬೇಕಾದ ಕಟ್ಟಡ, ಶುದ್ಧ ಹೈಡ್ರೋಜನ್ ತಲುಪದ ದೂರದ ಟವರ್. ಇವು ನಮ್ಮ ಪೊರೆಯ ಜಾಗಗಳು. ಹಣ ಕೊಡುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಪೊರೆಯ ಮೇಲೆ ಸಲ್ಲದ ಹೊರೆ ಬೀಳುವುದಿಲ್ಲ.

ಫ್ಲೋರಿನ್ ವಿಷಯ ಕೂಡ ಒಂದು ಮಾತು. ಒಮ್ಮೆ ಹೊರಬಿದ್ದರೆ ಪ್ರಕೃತಿಯಲ್ಲಿ ಕೊಳೆಯದ ಫ್ಲೋರಿನ್ ರಾಸಾಯನಿಕಗಳನ್ನು ಒಟ್ಟಾಗಿ ಕಟ್ಟುಪಾಡಿಗೆ ತರುವ ಪ್ರಸ್ತಾವ 2023ರಲ್ಲಿ ಯುರೋಪಿನಲ್ಲಿ ಬಂತು. ಪಿಬಿಐ ಸರಪಳಿಯಲ್ಲಿ ಫ್ಲೋರಿನ್ ಇಲ್ಲ, ಅದು ನಮಗೆ ಅನುಕೂಲ. ಆದರೆ ನಮ್ಮ ಎಲೆಕ್ಟ್ರೋಡ್‌ಗಳಲ್ಲಿ ಅಂಟಿಗೆ ಇನ್ನೂ ಫ್ಲೋರಿನ್ ಇರುವ ಟೆಫ್ಲಾನ್ ಜಾತಿಯ ವಸ್ತುವನ್ನೇ ಬಳಸುತ್ತೇವೆ. ಪಿಬಿಐ ಮಾಡಲು ಬೇಕಾಗುವ ಡೈಅಮಿನೋಬೆಂಜಿಡೀನ್ ಕ್ಯಾನ್ಸರ್ ತರಬಹುದಾದ ವಸ್ತು, ಹಾಳೆ ಎಳೆಯಲು ಬಳಸುವ ಡೈಮೀಥೈಲ್ ಅಸಿಟಮೈಡ್ ಕೂಡ ಆರೋಗ್ಯಕ್ಕೆ ಒಳ್ಳೆಯದಲ್ಲ. ವಿದ್ಯಾರ್ಥಿಗಳು ದಿನವೂ ಮುಟ್ಟುವ ವಸ್ತುಗಳು ಇವು. ಫ್ಯೂಮ್ ಹುಡ್, ಸರಿಯಾದ ಕೈಗವಸು, ತ್ಯಾಜ್ಯ ಒಯ್ಯುವ ವ್ಯವಸ್ಥೆ ಇವುಗಳ ಖರ್ಚನ್ನು ಅರ್ಜಿಯಲ್ಲಿ ಕತ್ತರಿಸುವವರು ಒಮ್ಮೆ ಆ ಕೋಣೆಯಲ್ಲಿ ನಿಂತು ನೋಡಬೇಕು.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ನಮ್ಮ ಲ್ಯಾಬಿನ ಮೂಲೆಯ ಬೆಂಚಿನಲ್ಲಿ ಈಗ ಇನ್ನೊಂದು ಸೆಲ್ ಓಡುತ್ತಿದೆ. ಪ್ರತಿ ರಾತ್ರಿ ಆರಿಸುತ್ತೇವೆ, ಪ್ರತಿ ಬೆಳಿಗ್ಗೆ ಹಚ್ಚುತ್ತೇವೆ. ಬಾಟಲಿಯ ನೀರನ್ನು ವಾರಕ್ಕೊಮ್ಮೆ ತೂಗಿ, ಅಳೆದು, ಪುಸ್ತಕದಲ್ಲಿ ಬರೆಯುತ್ತೇವೆ. ಮೊದಲ ತಿಂಗಳು ಬಾಟಲಿಗೆ ಬಂದ ಆಮ್ಲ ಜಾಸ್ತಿ ಇತ್ತು. ಎರಡನೆಯ ತಿಂಗಳು ಕಡಿಮೆಯಾಯಿತು. ಈಗ ಮತ್ತೆ ಏರುತ್ತಿದೆ. ಯಾಕೆ ಅಂತ ತಿಳಿಯಬೇಕಾದರೆ ಅದು ಇನ್ನೂ ಒಂದು ವರ್ಷವಾದರೂ ಓಡಬೇಕು. ನಮ್ಮ ಯೋಜನೆಯ ಹಣ ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ಆ ಬೆಂಚಿನ ಮೇಲೆ ಬೇರೆ ಪೊರೆಯ ಸರದಿ ಬರೆದಾಗಿದೆ. ಗಡುವು ಮುಂದೆ ಹಾಕುವ ಅರ್ಜಿ ನಿಮ್ಮ ಕಚೇರಿಗೆ ಬಂದಿದೆ. ಅದಕ್ಕೊಂದು ಸಹಿ ಹಾಕಿಕೊಡಿ. ಆ ಸೆಲ್ ಓಡಲಿ.

ಇಂತಿ ನಿಮ್ಮ ವಿಶ್ವಾಸಿ,
ಪೊರೆಯ ಕೆಲಸ ಮಾಡುವ ಒಬ್ಬ ಸಂಶೋಧಕಿ